ಸಹಾಯ ಬೇಕು: 400019 ಅವಿಭಾಜ್ಯ ಸಂಖ್ಯೆಯೇ?

ಎಲ್ಲರಿಗೂ ನಮಸ್ಕಾರ. ನಾವು ಮುಂಬೈನ ಮಾಟುಂಗಾದವರು. ನಮ್ಮ ಪಿನ್‌ಕೋಡ್ 400019 ಅವಿಭಾಜ್ಯ ಸಂಖ್ಯೆಯೇ ಎಂದು ಏಳನೇ ಕ್ಲಾಸಿನ ಮಗಳು ಸುಮ್ನೆ ಕೇಳಿದಳು. ಎರಡು ಸಂಜೆ ಹೋಯಿತು!

ಕೊನೆಯ ಅಂಕಿ 9, ಹಾಗಾಗಿ 2, 5 ಇಲ್ಲ. ಅಂಕಿಗಳನ್ನು ಕೂಡಿದರೆ 14, ಅಂದರೆ 3 ಕೂಡ ಇಲ್ಲ. ಹೀಗೇ 47ರವರೆಗೆ ಬಂದೆವು. ಅಲ್ಲಿ ಶೇಷ ಬರೀ 2. ಸ್ವಲ್ಪದರಲ್ಲಿ ತಪ್ಪಿತು, ಅಲ್ವಾ? 632ರ ವರ್ಗ 399424, 633ರದ್ದು 400689. ಹಾಗಾಗಿ 631ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಆದರೆ ಅವೇ 115 ಇವೆ. 15 ಮುಗಿದವು, ಇನ್ನೂ ಸರಿಯಾಗಿ ನೂರು!

ಕಂಪ್ಯೂಟರ್ ಉತ್ತರ ಬೇಡ, ಅವಳು ಒಪ್ಪುವುದಿಲ್ಲ. ಪೆನ್ನು ಕಾಗದದಲ್ಲೇ ಕೆಲಸ ಕಡಿಮೆ ಮಾಡುವ ದಾರಿ ಇದೆಯಾ? ಗಣಿತದ ಮೇಷ್ಟ್ರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.