ಅಪ್‌ಡೇಟ್: ಮಂಡಿ, ಹಿಮ್ಮಡಿ ನೋವು ಈಗ ಹೇಗಿದೆ

ಮಡಿಕೇರಿಯಲ್ಲಿ ದಿನಾ ವಾಕಿಂಗ್ ಶುರು ಮಾಡಿದ ಮೇಲೆ ಮಂಡಿ, ಹಿಮ್ಮಡಿ ಎರಡೂ ನೋಯ್ತಿವೆ, ನಿಲ್ಲಿಸಿಬಿಡಲಾ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

ನಿಲ್ಲಿಸಿಲ್ಲ. ಫಿಸಿಯೋಥೆರಪಿಸ್ಟ್ ಮೊದಲು ಕೇಳಿದ್ದೇ, "ನೋವು ಹತ್ತುವಾಗಲೋ, ಇಳಿಯುವಾಗಲೋ?" ಅಂತ. ಇಳಿಯುವಾಗಲೇ. ರಾಜಾಸೀಟ್ ಕಡೆಯಿಂದ ಇಳಿದು ಬರುವಾಗ ಮಂಡಿಚಿಪ್ಪಿನ ಸುತ್ತ ಚುಚ್ಚುತ್ತಿತ್ತು. ಇಳಿಜಾರಲ್ಲಿ ಮೈಭಾರ ತಡೆಯೋದು ತೊಡೆಯ ಮುಂಭಾಗದ ಸ್ನಾಯು, ಆಗ ಚಿಪ್ಪಿನ ಹಿಂದೆ ಒತ್ತಡ ಹೆಚ್ಚುತ್ತೆ ಅಂದರು. ನಮ್ಮೂರಲ್ಲಿ ಸಮತಟ್ಟು ರಸ್ತೆ ಎಲ್ಲಿಂದ ತರೋಣ! ಸದ್ಯಕ್ಕೆ ಜನರಲ್ ತಿಮ್ಮಯ್ಯ ಕ್ರೀಡಾಂಗಣದಲ್ಲೇ ಸುತ್ತು. ಜೊತೆಗೆ ಕುರ್ಚಿಯಲ್ಲಿ ಕೂತು ಕಾಲು ನೇರ ಎತ್ತಿ ಹಿಡಿಯೋ ವ್ಯಾಯಾಮ.

ಹಿಮ್ಮಡಿಯದ್ದು ಪ್ಲಾಂಟರ್ ಫೇಶಿಯೈಟಿಸ್, ಅಂದರೆ ಹಿಮ್ಮಡಿಯಿಂದ ಬೆರಳುಗಳ ಕಡೆಗೆ ಅಂಗಾಲಲ್ಲಿ ಹೋಗೋ ಗಟ್ಟಿ ಪಟ್ಟಿಯ ತೊಂದರೆ. ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೇ ಜೀವ ಬಾಯಿಗೆ ಬರೋದು, ಸ್ವಲ್ಪ ಓಡಾಡಿದರೆ ಸಡಿಲ. ಈಗ ಏಳೋ ಮೊದಲೇ ಕಾಲ್ಬೆರಳುಗಳನ್ನ ಕೈಯಿಂದ ಹಿಂದಕ್ಕೆ ಎಳೆದು ಹಿಡೀತೀನಿ. ಅಂಗಾಲಿನ ಉದ್ದಕ್ಕೂ ಹಗ್ಗದಂಥ ಪಟ್ಟಿ ಬಿಗಿಯಾಗೋದು ಇನ್ನೊಂದು ಕೈಯ ಹೆಬ್ಬೆರಳಿಂದ ಒತ್ತಿ ನೋಡಿದರೇ ಸಿಗುತ್ತೆ. ಆಮೇಲೆ ಗೋಡೆಗೆ ಕೈಕೊಟ್ಟು ಮೀನಖಂಡಕ್ಕೆ 30 ಸೆಕೆಂಡ್ ಸ್ಟ್ರೆಚ್. ಮನೆಯೊಳಗೂ ಬರಿಗಾಲು ಬಂದ್. ಈ ಮಳೆಗಾಲದ ಥಂಡಿ ನೆಲಕ್ಕೆ ಅದೇ ವಾಸಿ ಬಿಡಿ.

ಮಂಡಿ ಬಹುಪಾಲು ಸುಧಾರಿಸಿದೆ. ಹಿಮ್ಮಡಿ ಇನ್ನೂ ಸತಾಯಿಸ್ತಿದೆ, ಅದಕ್ಕೆ ತಿಂಗಳುಗಟ್ಟಲೆ ಬೇಕಂತೆ.

ಎಕ್ಸ್‌ರೇ ತೆಗೆಸಿ ಅಂದವರಿಗೆ: ಮಂಡಿ ಊದಿಕೊಳ್ಳೋದು, ಲಾಕ್ ಆಗೋದು, ಕಾಲೂರಲಿಕ್ಕೇ ಆಗದಿರೋದು, ಇವೇನೂ ಇಲ್ಲದ ಕಾರಣ ಸದ್ಯ ಬೇಡ ಅಂದಿದ್ದಾರೆ. ಮಂಡಿಗೆ ಹಾಕೋ ನೀಕ್ಯಾಪ್ ಬೀರುವಿನಲ್ಲಿ ಹಾಗೇ ಇದೆ, ಯಾರಿಗಾದರೂ ಬೇಕಾ?