ಅವ್ವನಿಗೆ ಲಕ್ವ ಆಗಿದೆ. ಸಿಸ್ಟರ್ ಇದ್ದಾರೆ, ಫಿಜಿಯೋ ಇದ್ದಾರೆ, ಆಕ್ಯುಪೇಷನಲ್ ಥೆರಪಿ ಬೇರೆ ಬೇಕಾ?

ತೋಟದ ಮನೆ, ಚನ್ನಗಿರಿ

ಎಲ್ಲರಿಗೂ ನಮಸ್ಕಾರ. ಅವ್ವನಿಗೆ 62 ವರ್ಷ. 18 ದಿನದ ಹಿಂದೆ ಬೆಳಗಿನ ಜಾವ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಸೋತಿವೆ. ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿದ್ದೇವೆ, ಶನಿವಾರ ಡಿಸ್ಚಾರ್ಜ್. ಮಾತು ಸ್ಪಷ್ಟವಾಗಿದೆ. ಹಿಡಿದುಕೊಂಡರೆ ನಾಲ್ಕು ಹೆಜ್ಜೆ ಇಡುತ್ತಾಳೆ.

ಡಾಕ್ಟರು ಚೀಟಿಯಲ್ಲಿ ಫಿಜಿಯೋ ಜೊತೆಗೆ ‘ಓಟಿ’ ಅಂತಲೂ ಬರೆದರು. ಅಪ್ಪ ಅದನ್ನು ಆಪರೇಷನ್ ಥಿಯೇಟರ್ ಅಂದುಕೊಂಡು ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ಸಿಸ್ಟರ್ ಬಂದು, ಅದು ಆಕ್ಯುಪೇಷನಲ್ ಥೆರಪಿ, ಕೊಯ್ಯೋದೇನೂ ಇಲ್ಲ ಅಂತ ಬಿಡಿಸಿ ಹೇಳಿದ ಮೇಲೆಯೇ ಕಾಫಿ ಕುಡಿದರು.

ಮಗ್ಗಲು ಬದಲಿಸುವುದು, ಮಾತ್ರೆ, ಮೈ ಒರೆಸುವುದು ಎಲ್ಲಾ ಸಿಸ್ಟರ್ ಕಲಿಸಿದ್ದಾರೆ. ವ್ಯಾಯಾಮಕ್ಕೆ ಫಿಜಿಯೋ ಇದ್ದಾರೆ. ಇನ್ನೊಬ್ಬರು ಬಂದು ಏನು ಮಾಡುತ್ತಾರೆ? ಮನೆಗೆ ಒಬ್ಬ ಹೋಮ್ ನರ್ಸ್ ಇಟ್ಟುಕೊಂಡರೆ ಸಾಲದಾ? ಅವ್ವ ಊಟ ಸರಿಯಾಗಿ ಮಾಡುತ್ತಿಲ್ಲ, ತಟ್ಟೆಯಲ್ಲಿ ಅರ್ಧ ಬಿಡುತ್ತಾಳೆ. ಲಿಂಗಪೂಜೆ ಮಾಡೋಕೆ ಆಗ್ತಿಲ್ಲ ಅಂತ ದಿನಾ ಅಳುತ್ತಾಳೆ. ಅದನ್ನು ನೋಡೋಕೆ ಆಗಲ್ಲ.

ನೈಟ್ ಡ್ಯೂಟಿ ಸಿಸ್ಟರ್, ದಾವಣಗೆರೆ

ತಮ್ಮಾ, ಮಿಕ್ಕಿದ್ದು ಆಮೇಲೆ. ಅವ್ವ ತಟ್ಟೆಯ ಯಾವ ಅರ್ಧ ಬಿಡುತ್ತಾರೆ? ಇವತ್ತು ರಾತ್ರಿ ನೋಡು. ಎಡಗಡೆಯದ್ದೇ ಉಳಿದರೆ ತಟ್ಟೆಯನ್ನು ಸುಮ್ನೆ ಅರ್ಧ ಸುತ್ತು ತಿರುಗಿಸಿ ಇಡು.

ಯಾಕೆ ಕೇಳಿದೆ ಅಂದರೆ, ನಾನು ಜಿಎನ್‌ಎಂ ನರ್ಸಿಂಗ್ ಮಾಡಿ 21 ವರ್ಷದಿಂದ ವಾರ್ಡಿನಲ್ಲಿದ್ದೇನೆ. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಒಬ್ಬ ಅಜ್ಜಿ ಇದ್ದರು, ಅವರಿಗೂ ಎಡಭಾಗವೇ. ಮೂರು ದಿನವೂ ಅನ್ನ ಖಾಲಿ, ಎಡಗಡೆ ಹಾಕಿದ ಪಲ್ಯ ಹಾಗೇ. ಮನೆಯವರು ‘ಪಲ್ಯ ಸೇರಲ್ಲ’ ಅಂದರು. ನಾನೂ ಮೊದಲು ಒಪ್ಪಿದೆ. ನಾಲ್ಕನೇ ದಿನ ಅವರು ತಲೆಯ ಬಲಗಡೆ ಮಾತ್ರ ಬಾಚಿಕೊಂಡಿದ್ದು ಕಂಡಿತು. ಆಗ ಫೈಲಿನಲ್ಲಿ ಬರೆದು ಓಟಿ ಥೆರಪಿಸ್ಟ್‌ಗೆ ಹೇಳಿದೆ. ಮಿದುಳಿನ ಬಲಭಾಗಕ್ಕೆ ಪೆಟ್ಟಾದರೆ ಕೆಲವರಿಗೆ ಎಡಗಡೆ ಅನ್ನೋದೇ ಗಮನಕ್ಕೆ ಬರುವುದಿಲ್ಲ. ಕಣ್ಣು ಕಾಣುತ್ತದೆ, ಮನಸ್ಸು ಅಲ್ಲಿಗೆ ಹೋಗಲ್ಲ. ಹಾಗಿದ್ದರೆ ಸದ್ಯಕ್ಕೆ ನೀರು, ಕರೆಯುವ ಗಂಟೆ ಬಲಗಡೆಯೇ ಇರಲಿ. ಹಾಸಿಗೆಯ ಎಡಗಡೆ ಅಂಚಿನಿಂದ ಬೀಳದ ಹಾಗೆ ಯಾರಾದರೂ ನೋಡಿಕೊಳ್ಳಿ.

ನಮ್ಮ ಕೆಲಸ ಇದೇ ತಮ್ಮಾ. ಡಾಕ್ಟರು, ಥೆರಪಿಸ್ಟ್ ಬಂದು ಹೋಗುತ್ತಾರೆ. ಮೂರು ಶಿಫ್ಟ್ ಸೇರಿ 24 ಗಂಟೆ ಜೊತೆಗಿರೋದು ನಾವು. ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸುವಾಗ ಹಿಮ್ಮಡಿ, ಸೊಂಟದ ಕೆಳಗಿನ ಮೂಳೆ ನೋಡುತ್ತೇವೆ. ಒತ್ತಿದರೂ ಹೋಗದ ಕೆಂಪು ಇದ್ದರೆ ಅದು ಬೆಡ್ ಸೋರ್ ಶುರುವಾದ ಗುರುತು. ನೀರು ಕುಡಿದಾಗ ಕೆಮ್ಮುತ್ತಾರಾ ಅನ್ನೋದೂ ನಮ್ಮ ಕಣ್ಣಿಗೇ ಮೊದಲು ಬೀಳುತ್ತದೆ. ಮನೆಯಲ್ಲಿ ಇವೆರಡನ್ನೂ ಬಿಡಬೇಡ.

ಆದರೆ ಒಂದು ತಪ್ಪು ನಾನೇ ಮಾಡಿದ್ದೇನೆ. ವಾರ್ಡ್ ತುಂಬ ರೋಗಿಗಳು. ಆ ಅಜ್ಜಿಗೆ ರವಿಕೆ ನಾನು ಹಾಕಿದರೆ ಎರಡು ನಿಮಿಷ, ಅವರೇ ಹಾಕಿಕೊಂಡರೆ ಇಪ್ಪತ್ತು. ದಿನಾ ನಾನೇ ಹಾಕಿದೆ. ಥೆರಪಿಸ್ಟ್ ಬಂದು, ಸೋತ ಕೈಯನ್ನು ಮೊದಲು ತೋಳಿಗೆ ತೂರಿಸೋದು, ಬಿಚ್ಚುವಾಗ ಅದನ್ನು ಕೊನೆಗೆ ಬಿಡಿಸೋದು ಕಲಿಸಿದರು. ವಾರದಲ್ಲಿ ಅಜ್ಜಿ ಒಬ್ಬರೇ ಹಾಕಿಕೊಂಡು, ನನ್ನ ಕೈ ಹಿಡಿದು ತೋರಿಸಿದರು. ಅಷ್ಟು ದಿನ ಅವರ ಕೆಲಸ ನಾನು ಕಿತ್ತುಕೊಂಡಿದ್ದೆ ಅನ್ನಿಸಿತು. ಈಗಲೂ ಅನ್ನಿಸುತ್ತದೆ.

ಹೋಮ್ ನರ್ಸ್ ಅಂತ ಕಳಿಸುವವರಲ್ಲಿ ಎಷ್ಟೋ ಜನ ನರ್ಸಿಂಗ್ ಓದಿರುವುದಿಲ್ಲ. ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಇದೆಯಾ ಅಂತ ಕೇಳು.

ದುರ್ಗದ ರಮೇಶಣ್ಣ

ನಮ್ಮ ತಂದೆಗೆ ಆದಾಗ ಮನೆಗೆ ಬಂದ ಹುಡುಗ ಸೋತ ರಟ್ಟೆ ಹಿಡಿದೇ ಎಬ್ಬಿಸುತ್ತಿದ್ದ. ನಮಗೂ ಗೊತ್ತಿರಲಿಲ್ಲ. ಭುಜದ ಕೀಲು ಜಾರಿ, ಆ ನೋವಿಗೆ ಎಂಟು ತಿಂಗಳು ಕೈ ಮುಟ್ಟಿಸಲಿಲ್ಲ. ದಯವಿಟ್ಟು ಯಾರೂ ಆ ಕೈ ಹಿಡಿದು ಎಳೆಯಬೇಡಿ.

ಓಟಿ ಹುಡುಗಿ, ಚಿತ್ರದುರ್ಗ

ಅಕ್ಕ ಹೇಳಿದ್ದು ನೂರಕ್ಕೆ ನೂರು. ನಾನು ಮಣಿಪಾಲದಲ್ಲಿ ಆಕ್ಯುಪೇಷನಲ್ ಥೆರಪಿ ಓದಿದವಳು. ನಮ್ಮ ಕೆಲಸ ಹೊಸದೇನಲ್ಲ, 1950ರಲ್ಲೇ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಕಮಲಾ ನಿಂಬ್ಕರ್ ಅವರು ಇದರ ಶಾಲೆ ಶುರು ಮಾಡಿದ್ದರು. ನಮ್ಮ ಕಡೆ ಹೆಸರು ಗೊತ್ತಿಲ್ಲ ಅಷ್ಟೇ.

ಅಣ್ಣಾ, ಫಿಜಿಯೋದವರು ಬಲ, ನಡಿಗೆ ನೋಡುತ್ತಾರೆ. ನಾವು ಮೊದಲು ಕೇಳೋದು, ‘ಬೆಳಿಗ್ಗೆ ಎದ್ದು ಏನು ಮಾಡ್ತಿದ್ರಿ?’ ಅಂತ. ಉತ್ತರ ನಿಮ್ಮವ್ವ ದಿನಾ ಅಳುತ್ತಾ ಹೇಳುತ್ತಿದ್ದಾರೆ. ಇಷ್ಟಲಿಂಗ ಇಟ್ಟುಕೊಳ್ಳೋದು ಎಡ ಅಂಗೈಯಲ್ಲಿ ಅಲ್ವಾ? ಅಂದರೆ ಕೈಗೂ ಕೆಲಸ, ಕಣ್ಣಿಗೂ ಎಡಗೈ ಮೇಲೆ ದೃಷ್ಟಿ ನಿಲ್ಲಿಸುವ ಕೆಲಸ. ನಾನಾದರೆ ಅಲ್ಲಿಂದಲೇ ಶುರು ಮಾಡುತ್ತೇನೆ. ಮೇಜಿನ ಮುಂದೆ ನೆಟ್ಟಗೆ ಕೂರಿಸಿ, ಎಡ ಮೊಣಕೈ ಕೆಳಗೆ ದಿಂಬು ಕೊಟ್ಟು, ಅಂಗೈ ಮೇಲೆ ಮಾಡಿ ಇಡೋದು. ಮೊದಲ ಕೆಲವು ದಿನ ಲಿಂಗ ಬೇಡ, ನಿಂಬೆಹಣ್ಣು ಇಡಿ. ಲಿಂಗ ಕೈಯಿಂದ ಜಾರಿದರೆ ಅವರು ತುಂಬ ನೊಂದುಕೊಳ್ಳುತ್ತಾರೆ. ಮೊದಲ ದಿನ ಎರಡು ನಿಮಿಷ ಸಾಕು. ಕೈ ಬಿಗಿಯಾಗಿದ್ದರೆ, ನೋವಿದ್ದರೆ ಥೆರಪಿಸ್ಟ್ ನೋಡುವವರೆಗೆ ಬಲವಂತ ಬೇಡ.

ಊಟದ ತಟ್ಟೆಯ ಎಡ ಅಂಚಿಗೆ ಕೆಂಪು ಟೇಪ್ ಅಂಟಿಸಿ, ‘ಕೆಂಪು ಕಾಣೋ ತನಕ ನೋಡವ್ವ’ ಅನ್ನಿ. ತಟ್ಟೆ ಜಾರದ ಹಾಗೆ ಕೆಳಗೆ ಒದ್ದೆ ಬಟ್ಟೆ ಹಾಕಿ. ದಾವಣಗೆರೆಯಲ್ಲೇ ಅಂಗವಿಕಲರಿಗಾಗಿ ಕೇಂದ್ರ ಸರ್ಕಾರದ ಸಿಆರ್‌ಸಿ ಅನ್ನೋ ಪುನರ್ವಸತಿ ಕೇಂದ್ರ ಇದೆ. ಡಿಸ್ಚಾರ್ಜಿಗೆ ಮುಂಚೆಯೇ ವಿಚಾರಿಸಿ.

ತೋಟದ ಮನೆ, ಚನ್ನಗಿರಿ

ಅಕ್ಕಾ, ಎಡಗಡೆಯೇ. ರಾತ್ರಿ ರೊಟ್ಟಿ, ಅನ್ನ ಮುಗಿಸಿ ಸಾಕು ಅಂದಳು. ಹೆಸರುಕಾಳು ಪಲ್ಯ ಎಡಕ್ಕೆ ಹಾಗೇ ಇತ್ತು. ತಟ್ಟೆ ತಿರುಗಿಸಿದೆ. ‘ಪಲ್ಯ ಮಾಡಿದ್ದು ಮೊದಲೇ ಹೇಳಬಾರದಿತ್ತೇನೋ’ ಅಂತ ಬೈದು ಪೂರ್ತಿ ತಿಂದಳು. ಇಷ್ಟು ದಿನ ಹಸಿದೇ ಮಲಗಿದ್ದಳೇನೋ.

ಸಿಸ್ಟರ್‌ಗೂ ಹೇಳಿದೆ, ಫೈಲಿನಲ್ಲಿ ಬರೆದುಕೊಂಡರು. ನಾಳೆ ಬೆಳಿಗ್ಗೆ ಸಿಆರ್‌ಸಿಗೆ ಫೋನ್ ಮಾಡುತ್ತೇನೆ. ಅಪ್ಪ ಈಗಲೇ ನಿಂಬೆಹಣ್ಣು ತರೋಕೆ ಹೊರಟಿದ್ದಾರೆ.