ಬಾವಿ ನೀರು ಇಳಿದಾಗ ಅಲಸಂಡೆ, ಬೀನ್ಸ್‌ಗೆ ಯಾವ ಹಂತದಲ್ಲಿ ನೀರು ಉಳಿಸಬೇಕು?

ಪ್ರಶ್ನೆ (ಬ್ರಹ್ಮಾವರ ಸಮೀಪದ ಬೆಳೆಗಾರ)
ಏಣೆಲು (ಮಳೆಗಾಲದ ಬೆಳೆ) ಭತ್ತ ಕೊಯ್ದ ಮಜಲು (ನಡು ಎತ್ತರದ) ಗದ್ದೆಯಲ್ಲಿ ಡಿಸೆಂಬರ್ ಕೊನೆಗೆ ಚಪ್ಪರದ ಅಲಸಂಡೆಯನ್ನೂ ಗಿಡ ಬೀನ್ಸನ್ನೂ ಬಿತ್ತಿದ್ದೆ. ಫೆಬ್ರವರಿ ನಡುವಿಗೆ ಬಾವಿಯ ತಳ ಕಂಡದ್ದರಿಂದ ದಿನಾಲೂ ಕೊಡುತ್ತಿದ್ದ ನೀರನ್ನು ನಾಲ್ಕು ದಿನಕ್ಕೊಮ್ಮೆಗೆ ಇಳಿಸಬೇಕಾಯಿತು. ಅಲಸಂಡೆ ಮಧ್ಯಾಹ್ನ ಬಾಡಿದರೂ ಸಂಜೆಗೆ ಚೇತರಿಸಿಕೊಂಡು, ಗಿಡ್ಡವಾದರೂ ಕಾಯಿ ಕೊಟ್ಟಿತು. ಬೀನ್ಸಿನ ಹೂವು ಬಹುಪಾಲು ಉದುರಿತು. ಉಳಿದ ಕಾಯಿಗಳು ಡೊಂಕಾಗಿ ಒಂದೆರಡು ಬೀಜವಷ್ಟೇ ಕಟ್ಟಿದವು. ಬದಲಿಸಬೇಕಾದದ್ದು ತಳಿಯನ್ನೋ, ನೀರು ಕೊಡುವ ಕ್ರಮವನ್ನೋ?

ಉತ್ತರ 1
ಎರಡನ್ನೂ ಬದಲಿಸಬೇಕು, ಬಿತ್ತನೆಯ ಕಾಲವನ್ನೂ ಸಹ. ಬೀನ್ಸಿನ ಬೇರು ಬಹುಮಟ್ಟಿಗೆ ಮೇಲ್ಮಣ್ಣಿನಲ್ಲೇ ಹರಡುವುದರಿಂದ, ನೀರು ಬೇಗ ಬಸಿದುಹೋಗುವ ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ) ಮಣ್ಣಿನಲ್ಲಿ ನಾಲ್ಕು ದಿನದ ಅಂತರವನ್ನು ಅದು ತಾಳದು. ಅಲಸಂಡೆಯಾದರೋ ಬೇರನ್ನು ಆಳಕ್ಕೆ ಇಳಿಸಿ, ತೇವ ಕಡಿಮೆಯಾದೊಡನೆ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಎಳೆಯ ಹಂತದಲ್ಲಿ ನೀರು ತುಸು ಕಡಿಮೆಯಾದರೆ ಗಿಡ ಕುಳ್ಳಾಗುತ್ತದೆ, ಎಲೆ ಸಣ್ಣದಾಗುತ್ತದೆ, ಆದರೆ ಮುಂದೆ ನೀರು ಸಿಕ್ಕಿದರೆ ಆ ನಷ್ಟ ಸ್ವಲ್ಪ ತುಂಬಿಬರುತ್ತದೆ. ಹೂ ಬಿಟ್ಟು ಮಿಡಿ ಕಟ್ಟುವಾಗ ಒಣಗಿದರೆ ಉದುರಿದ ಹೂವು ಹಿಂದೆ ಬರುವುದಿಲ್ಲ. ನಿಮ್ಮಲ್ಲಿ ನೀರು ತಪ್ಪಿದ್ದು ಸರಿಯಾಗಿ ಆ ಹೊತ್ತಿಗೇ.

ಆದರೆ ನೀರೊಂದನ್ನೇ ದೂರಬಾರದು. ಬೀನ್ಸ್ ತಂಪು ಹವೆಯ ಬೆಳೆ. ಹಗಲು 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ನೀರಿದ್ದರೂ ಹೂವು ಉದುರುತ್ತದೆ, ಕರಾವಳಿಯ ಫೆಬ್ರವರಿಯಲ್ಲಿ ಆ ಮಿತಿ ದಾಟುವುದು ಸಾಮಾನ್ಯ. ಹಾಗಾಗಿ ಬೀನ್ಸ್ ಬೇಕೆಂದಿದ್ದರೆ ಗದ್ದೆ ಕೊಯ್ದೊಡನೆ, ನವೆಂಬರಿನಲ್ಲೇ ಬಿತ್ತಿ. ತಡವಾದರೆ ಅಲಸಂಡೆಯೇ ಲೇಸು. ಅದರಲ್ಲೂ ಬೆಂಗಳೂರು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಗರಿಮಾ ತಳಿಯು ಬಳ್ಳಿ ಹಬ್ಬದೆ ಪೊದೆಯಾಗಿ ಬೆಳೆದು, ಬಿಸಿಲನ್ನೂ ಕಡಿಮೆ ತೇವವನ್ನೂ ತಾಳುತ್ತದೆ.

ಉತ್ತರ 2
ನಾನು ಸಾಲಿಗೆ ತರಗೆಲೆ ಹೊದಿಸಿ, ಅದರ ಮೇಲೆ ತೆಂಗಿನ ಸಿಪ್ಪೆಯನ್ನು ಕವುಚಿ ಇಡುತ್ತೇನೆ. ಹನಿ ನೀರಾವರಿಯಲ್ಲಿ ಬುಡಕ್ಕಷ್ಟೇ ನೀರು ಬೀಳುವುದರಿಂದ, ಹೊದಿಕೆಯ ಅಡಿಯ ಮಣ್ಣು ಮೂರನೆಯ ದಿನವೂ ಕೈಗೆ ತಂಪಾಗಿರುತ್ತದೆ. ಹೊದಿಕೆಯಿಲ್ಲದೆ ಹನಿ ನೀರನ್ನಷ್ಟೇ ನಂಬಿದ ವರ್ಷ ನನಗೆ ಅರ್ಧ ಬೆಳೆಯೂ ಕೈಗೆ ಬರಲಿಲ್ಲ.

ಉತ್ತರ 3
ಮೊದಲ ಉತ್ತರಕ್ಕೆ ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. ಎಳೆಯ ಹಂತದಲ್ಲಿ ನೀರು ಉಳಿಸಬಹುದೆಂದು ಮಣ್ಣನ್ನು ಪೂರ್ತಿ ಒಣಗಲು ಬಿಡಬೇಡಿ. ಸಾರಜನಕ ಹಿಡಿಯುವ ಬೇರುಗಂಟುಗಳು ಒಣ ಮಣ್ಣಿನಲ್ಲಿ ಸರಿಯಾಗಿ ಕಟ್ಟುವುದಿಲ್ಲ, ಗಿಡ ಹಳದಿಯಾಗುತ್ತದೆ. ಬೆರಳಿನಷ್ಟು ಆಳದಲ್ಲಿ ತೇವ ಸಿಗದಿದ್ದರೆ ಹೂ ಬರುವವರೆಗೆ ಕಾಯದೆ ಒಂದು ನೀರು ಕೊಟ್ಟುಬಿಡಿ.